ಮೊಟ್ಟೆ ಇಡುವ ಡೈನೋಸಾರ್

ಮಕ್ಕಳೇ, ಪೇಟೆಗೆ ಹೋದಾಗ ಆಟಿಕೆ ಅಂಗಡಿಯಲ್ಲಿ ನಡೆದಾಡುವ ಡೈನೋಸಾರನ್ನು ನೀವೂ ನೋಡಿರಬಹುದು. ಹಸಿರು ಬಣ್ಣದ ಪ್ಲಾಸ್ಟಿಕ್ ಮೈ, ಮಿಣುಕುವ ಕೆಂಪು ಕಣ್ಣು. ಗುಂಡಿ ಒತ್ತಿದರೆ ಕತ್ತು ಆಡಿಸುತ್ತ ನಾಲ್ಕು ಹೆಜ್ಜೆ ನಡೆಯುತ್ತದೆ, ಬಾಯಿ ತೆರೆದು ಘರ್ಜಿಸುತ್ತದೆ, ಆಮೇಲೆ ನಿಂತು ಒಂದು ಮೊಟ್ಟೆ ಇಡುತ್ತದೆ!

ಒಮ್ಮೆ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗಳಿಗೆ ಇಂಥದೊಂದನ್ನು ಕೊಡಿಸಿದೆ. ಬೆಲೆ 650 ರೂಪಾಯಿ. ಆಗ ಅವಳು ಮೂರನೆಯ ತರಗತಿಯಲ್ಲಿದ್ದಳು. ಅಂಗಡಿಯವರು ಮೂರು ಸೆಲ್ಲು ಹಾಕಿ, ನಡೆಸಿ ತೋರಿಸಿ, ಡಬ್ಬದಲ್ಲಿಟ್ಟು ಕೊಟ್ಟರು. ಮನೆಗೆ ಬಂದ ಮೊದಲ ದಿನವೇ ಅದು ಮೂರು ಮೊಟ್ಟೆ ಇಟ್ಟಿತು. ಮರುದಿನದಿಂದ ಎಷ್ಟು ನಡೆಸಿದರೂ ಮೊಟ್ಟೆ ಇಲ್ಲ. ಅವಳಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಅವರ ಮನೆಯ ಕೋಳಿಯೂ ಕೆಲವು ದಿನ ಮೊಟ್ಟೆ ಇಟ್ಟು ನಿಲ್ಲಿಸುತ್ತದಲ್ಲ! ಮೂರೂ ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ, ಒಂದು ಕರಟದೊಳಗಿಟ್ಟು, ಅಡುಗೆಮನೆಯ ಒಲೆಯ ಪಕ್ಕದ ಗೂಡಿನಲ್ಲಿ ಬಚ್ಚಿಟ್ಟಳು. ಹನ್ನೆರಡನೆಯ ದಿನ ನನಗೆ ಫೋನು ಮಾಡಿಸಿ ಕೇಳಿದಳು:

"ಮಾಮ, ಕೋಳಿ ಮೊಟ್ಟೆ ಇಪ್ಪತ್ತೊಂದು ದಿನಕ್ಕೆ ಮರಿ ಆಗುತ್ತೆ. ಡೈನೋಸಾರ್‌ದು ಎಷ್ಟು ದಿನಕ್ಕೆ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಇಪ್ಪತ್ತೊಂದು ದಿನ ಎಂಬುದು ಅವಳು ಮನೆಯ ಕೋಳಿಯನ್ನು ನೋಡಿ ಕಲಿತ ಲೆಕ್ಕ. ಬೆಚ್ಚಗಿಡಬೇಕು ಎಂಬುದೂ ಸರಿಯೇ. ನಾನು ವಿಜ್ಞಾನದ ಮೇಷ್ಟ್ರು, 650 ರೂಪಾಯಿ ಕೊಟ್ಟು ಆಟಿಕೆ ಕೊಡಿಸಿದವನು; ಅದರ ಮೊಟ್ಟೆ ಎಲ್ಲಿಂದ ಬರುತ್ತದೆ ಎಂದು ನಾನೇ ನೋಡಿರಲಿಲ್ಲ. "ಭಾನುವಾರ ಬರ್ತೀನಿ, ಇಬ್ಬರೂ ಸೇರಿ ನೋಡೋಣ" ಎಂದೆ.

ಹೊಟ್ಟೆಯೊಳಗೆ ಏನಿದೆ?

ಭಾನುವಾರ ಮೊದಲು ಸೆಲ್ಲುಗಳನ್ನು ಹೊರಗೆ ತೆಗೆದೆವು. ಬಳಿಕ ಸಣ್ಣ ಸ್ಕ್ರೂಡ್ರೈವರಿನಿಂದ ಹೊಟ್ಟೆಯ ಸ್ಕ್ರೂಗಳನ್ನು ಬಿಚ್ಚಿದೆವು. ಒಳಗೆ ಇದ್ದದ್ದು ಹೆಬ್ಬೆರಳಿನಷ್ಟು ದಪ್ಪದ ಒಂದು ಮೋಟಾರು, ಬಿಳಿ ಪ್ಲಾಸ್ಟಿಕ್ಕಿನ ಹಲ್ಲುಚಕ್ರಗಳು, ಒಂದು ಪುಟ್ಟ ಸ್ಪೀಕರು ಮತ್ತು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ವಿದ್ಯುನ್ಮಂಡಲದ ಹಲಗೆ.

ಇಂಥ ಪುಟ್ಟ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಕಾಲು ಆಡಿದರೆ ಡೈನೋಸಾರ್ ನಡೆಯುವುದಿಲ್ಲ, ನಡುಗುತ್ತದೆ! ವೇಗ ತಗ್ಗಿಸುವ ಕೆಲಸ ಹಲ್ಲುಚಕ್ರಗಳದು. 10 ಹಲ್ಲಿನ ಚಕ್ರವು 50 ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ ಎಂದುಕೊಳ್ಳಿ. ಚಿಕ್ಕದು ಐದು ಸುತ್ತು ತಿರುಗಿದಾಗ ದೊಡ್ಡದು ಒಂದೇ ಸುತ್ತು. ಇಂಥ ಮೂರು ಜೋಡಿಗಳನ್ನು ಒಂದರ ಹಿಂದೆ ಒಂದು ಇಟ್ಟರೆ 5 × 5 × 5, ಅಂದರೆ 125 ಪಟ್ಟು ವೇಗ ತಗ್ಗುತ್ತದೆ. ಮೋಟಾರು ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಕೊನೆಯ ಚಕ್ರ 40 ಸುತ್ತು ಮಾತ್ರ ತಿರುಗುತ್ತದೆ. ವೇಗ ತಗ್ಗಿದಂತೆ ತಿರುಗಿಸುವ ಬಲ ಹೆಚ್ಚುತ್ತದೆ. ಬೆರಳಿನಿಂದ ಹಿಡಿದರೆ ನಿಂತುಹೋಗುವ ಮೋಟಾರು ಡೈನೋಸಾರಿನ ಇಡೀ ಮೈಯನ್ನು ತಳ್ಳುವುದು ಹೀಗೆ.

ಇದರ ತಿರುಗುಮುರುಗು ನಿಮ್ಮ ಮನೆಯ ಸೈಕಲ್ಲಿನಲ್ಲಿದೆ. ಪೆಡಲಿನ ಬಳಿ ದೊಡ್ಡ ಹಲ್ಲುಚಕ್ರ, ಹಿಂದಿನ ಗಾಲಿಯಲ್ಲಿ ಚಿಕ್ಕದು. ಎರಡರ ಹಲ್ಲುಗಳನ್ನೂ ಎಣಿಸಿ, ಭಾಗಿಸಿ ನೋಡಿ. ಪೆಡಲು ಒಂದು ಸುತ್ತು ಬಂದರೆ ಗಾಲಿ ಎಷ್ಟು ಸುತ್ತು ಬರಬೇಕು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಸ್ಟ್ಯಾಂಡು ಹಾಕಿ ಪೆಡಲು ತಿರುಗಿಸಿ ಪರೀಕ್ಷಿಸಿ. ಸರಪಳಿಯ ಬಳಿ ಮಾತ್ರ ಬೆರಳು ಇಡಬೇಡಿ.

ಕೊನೆಯ ಹಲ್ಲುಚಕ್ರದ ಅಂಚಿನಲ್ಲಿ ಒಂದು ಚಿಕ್ಕ ಗೂಟವಿತ್ತು. ಚಕ್ರ ತಿರುಗಿದಾಗ ಗೂಟವೂ ಸುತ್ತುತ್ತ ಕಾಲನ್ನು ಹಿಂದೆ ಮುಂದೆ ಎಳೆಯುತ್ತದೆ. ಹೊಲಿಗೆ ಯಂತ್ರದ ತುಳಿಮಣೆ ಗೊತ್ತಲ್ಲ? ಅಲ್ಲಿ ತುಳಿಮಣೆಯ ಮೇಲೆ ಕೆಳಗಿನ ಚಲನೆ ಚಕ್ರದ ಸುತ್ತಾಗುತ್ತದೆ. ಇಲ್ಲಿ ಚಕ್ರದ ಸುತ್ತು ಹಿಂದೆ ಮುಂದಿನ ಚಲನೆಯಾಗುತ್ತದೆ. ಪಾದದ ಅಡಿಯಲ್ಲಿ ಪುಟ್ಟ ಗಾಲಿಗಳೂ ಇದ್ದವು. ಅವು ಮುಂದಕ್ಕೆ ಮಾತ್ರ ಉರುಳುತ್ತವೆ, ಹಿಂದಕ್ಕೆ ಉರುಳುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಡೈನೋಸಾರ್ ನಡೆಯುತ್ತಲೇ ಇರಲಿಲ್ಲ, ಕಾಲು ಎಳೆದುಕೊಂಡು ಜಾರುತ್ತಿತ್ತು.

ಘರ್ಜನೆ ಆ ಚಿಕ್ಕ ಹಲಗೆಯ ಮೇಲಿನ ಚಿಪ್ಪಿನಲ್ಲಿ ತುಂಬಿಟ್ಟ ಶಬ್ದ. ನಿಜವಾದ ಡೈನೋಸಾರ್ ಹೇಗೆ ಕೂಗುತ್ತಿತ್ತು ಎಂದು ಕೇಳಿದವರು ಯಾರೂ ಇಲ್ಲ. 1993ರ ಜುರಾಸಿಕ್ ಪಾರ್ಕ್ ಸಿನಿಮಾದ ಪ್ರಸಿದ್ಧ ಘರ್ಜನೆಯನ್ನು ಕೂಡ ಆನೆಮರಿ, ಹುಲಿ, ಮೊಸಳೆ ಜಾತಿಯ ಪ್ರಾಣಿಗಳ ಧ್ವನಿ ಬೆರೆಸಿ ತಯಾರಿಸಿದ್ದರು.

ಇನ್ನು ಮೊಟ್ಟೆ. ಅದನ್ನು ಕಂಡುಹಿಡಿದವಳು ಅವಳೇ. ಬೆನ್ನಿನ ಮೇಲೆ ಚರ್ಮದ ಮಡಿಕೆಯಂತೆ ಕಾಣುತ್ತಿದ್ದ ಭಾಗವನ್ನು ಉಗುರಿನಿಂದ ಎತ್ತಿದಳು. ಅದೊಂದು ಮುಚ್ಚಳ! ಒಳಗೆ ಮೊಟ್ಟೆ ಕೂರುವಷ್ಟೇ ಅಗಲದ ಇಳಿಜಾರು ಕೊಳವೆ, ಕೆಳಗೆ ಮೋಟಾರು ತಿರುಗಿದಾಗ ತೆರೆದುಕೊಳ್ಳುವ ಸಣ್ಣ ಕದ. ಅಂಗಡಿಯವರೇ ಮೂರು ಮೊಟ್ಟೆ ತುಂಬಿ ಕೊಟ್ಟಿದ್ದರು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಇದು ಮೊಟ್ಟೆ ಇಡಲ್ಲ ಮಾಮ, ಬೀಳಿಸುತ್ತೆ" ಎಂದಳು.

ಜೀವಿಗಳ ಲಕ್ಷಣಗಳನ್ನು ನಾವು ಪಾಠದಲ್ಲಿ ಹೇಳಿಕೊಡುತ್ತೇವೆ: ಚಲನೆ, ಬೆಳವಣಿಗೆ, ಸಂತಾನೋತ್ಪತ್ತಿ ಇತ್ಯಾದಿ. ಆದರೆ ಇಡುವುದಕ್ಕೂ ಬೀಳಿಸುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಾನು ಯಾವ ತರಗತಿಯಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೋಳಿ ತಾನು ತಿಂದ ಕಾಳು, ಹುಳುಗಳಿಂದ ತನ್ನ ದೇಹದೊಳಗೇ ಮೊಟ್ಟೆಯನ್ನು ಕಟ್ಟುತ್ತದೆ. ಆಟಿಕೆಯಲ್ಲಿ ಮೇಲಿನಿಂದ ಹಾಕಿದ್ದೇ ಕೆಳಗಿನಿಂದ ಬರುತ್ತದೆ.

ನಿಜವಾದ ಮೊಟ್ಟೆ

ನಿಜವಾದ ಡೈನೋಸಾರ್ ಮೊಟ್ಟೆ ನೋಡಬೇಕಾದರೆ ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ನರ್ಮದಾ ಕಣಿವೆಯಲ್ಲಿ, 92 ಗೂಡುಗಳೂ 256 ಮೊಟ್ಟೆಗಳೂ ಸಿಕ್ಕಿವೆ ಎಂದು ನಮ್ಮ ದೇಶದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಅವು ಟೈಟಾನೋಸಾರ್ ಎಂಬ ಉದ್ದ ಕತ್ತಿನ, ಸಸ್ಯಾಹಾರಿ ಡೈನೋಸಾರ್‌ಗಳ ಮೊಟ್ಟೆಗಳು. ಆರೂವರೆ ಕೋಟಿ ವರ್ಷಗಳಿಗೂ ಹಿಂದಿನವು. ಅಡ್ಡಳತೆ 15ರಿಂದ 17 ಸೆಂಟಿಮೀಟರ್. ನಿಮ್ಮ ಕಂಪಾಸು ಪೆಟ್ಟಿಗೆಯ ಸ್ಕೇಲು 15 ಸೆಂಟಿಮೀಟರ್ ಇರುತ್ತದೆ. ಅದನ್ನು ಅಡ್ಡಳತೆಯಾಗಿಟ್ಟು ನೆಲದ ಮೇಲೆ ವೃತ್ತ ಬರೆದು ನೋಡಿ, ಗಾತ್ರ ತಿಳಿಯುತ್ತದೆ. ಅದೇ ಜಿಲ್ಲೆಯ ಪಾಡ್ಲ್ಯಾ ಎಂಬ ಹಳ್ಳಿಯವರು ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ಹೊಲ, ದನಕರು ಕಾಯುವ ದೇವರೆಂದು ತಲೆತಲಾಂತರದಿಂದ ಪೂಜಿಸುತ್ತ ಬಂದಿದ್ದರು. ಅವೂ ಡೈನೋಸಾರ್ ಮೊಟ್ಟೆಯ ಪಳೆಯುಳಿಕೆಗಳೇ ಎಂದು ತಿಳಿದುಬಂತು.

ಇದನ್ನೆಲ್ಲ ಅವಳಿಗೆ ಹೇಳಿದೆ, ಚಿತ್ರವನ್ನೂ ತೋರಿಸಿದೆ. ಆಟಿಕೆಯನ್ನು ಮತ್ತೆ ಜೋಡಿಸಿದೆವು. ಆದರೂ ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅವಳು ಗೂಡಿನಿಂದ ಕರಟ ತೆಗೆದು ನೋಡಿದಳಂತೆ. ನೋಡಿ, ಹತ್ತಿ ಬದಲಿಸಿ, ಮತ್ತೆ ಅಲ್ಲೇ ಇಟ್ಟಳಂತೆ.

ದೊಡ್ಡವರೂ ಹೀಗೆಯೇ

ಇದು ಚಿಕ್ಕವರ ಮಾತು ಎನ್ನಬೇಡಿ. ಅಮೆರಿಕದಲ್ಲಿ 2007ರ ಡಿಸೆಂಬರಿನಲ್ಲಿ ಪ್ಲಿಯೊ ಎಂಬ ರೋಬಾಟ್ ಡೈನೋಸಾರ್ ಮಾರಾಟಕ್ಕೆ ಬಂತು. ಕ್ಯಾಮರಸಾರಸ್ ಎಂಬ ಡೈನೋಸಾರಿನ ಎಳೆಮರಿಯ ರೂಪ ಅದಕ್ಕೆ. ಬೆಲೆ 349 ಡಾಲರ್. ನಮ್ಮ ಆಟಿಕೆಯಲ್ಲಿ ಒಂದು ಮೋಟಾರಿದ್ದರೆ ಅದರಲ್ಲಿ 14. ಮೂಗಿನಲ್ಲಿ ಕ್ಯಾಮರಾ, ಕಿವಿಯ ಜಾಗದಲ್ಲಿ ಮೈಕು, ತಲೆ ಬೆನ್ನುಗಳ ಚರ್ಮದಡಿ ಸ್ಪರ್ಶ ತಿಳಿಯುವ ಸಂವೇದಕಗಳು. ಬೆನ್ನು ಸವರಿದರೆ ಕತ್ತು ಕೊಂಕಿಸಿ ಮುಲುಗುತ್ತದೆ, ಬಾಲ ಹಿಡಿದು ತಲೆಕೆಳಗೆ ಮಾಡಿದರೆ ಚೀರುತ್ತದೆ. ದಿನ ಕಳೆದಂತೆ ಅದರ ವರ್ತನೆ ಬದಲಾಗುತ್ತದೆ. ಮೈ ಮಾತ್ರ ಒಂದು ಕೂದಲಿನಷ್ಟೂ ಬೆಳೆಯುವುದಿಲ್ಲ. ಸಂವೇದಕ ಸುದ್ದಿ ಕೊಡುತ್ತದೆ, ಚಿಪ್ಪು ತನ್ನೊಳಗೆ ಬರೆದಿಟ್ಟ ನಿಯಮದಂತೆ ತೀರ್ಮಾನಿಸುತ್ತದೆ, ಮೋಟಾರು ಕೆಲಸ ಮಾಡುತ್ತದೆ. ರೋಬಾಟಿನ ಗುಟ್ಟು ಇಷ್ಟೇ.

2013ರಲ್ಲಿ ಜಿನೀವಾ ನಗರದ ಒಂದು ಸಮ್ಮೇಳನದಲ್ಲಿ ಕೇಟ್ ಡಾರ್ಲಿಂಗ್ ಎಂಬ ಸಂಶೋಧಕಿ ಕೆಲವು ಗುಂಪುಗಳಿಗೆ ಒಂದೊಂದು ಪ್ಲಿಯೊ ಕೊಟ್ಟು ಆಡಲು ಹೇಳಿದರು. ಎಲ್ಲರೂ ವಯಸ್ಕರು, ಓದಿದವರು. ಸ್ವಲ್ಪ ಹೊತ್ತಿನ ನಂತರ "ಈಗ ಇವನ್ನು ಹೊಡೆದು ಮುರಿಯಿರಿ" ಎಂದರು. ಯಾರೂ ಒಪ್ಪಲಿಲ್ಲ! ಒಂದನ್ನಾದರೂ ಮುರಿಯದಿದ್ದರೆ ಎಲ್ಲವನ್ನೂ ಮುರಿಸುತ್ತೇವೆ ಎಂದು ಹೆದರಿಸಿದ ಮೇಲೆ ಒಬ್ಬರು ಮುಂದೆ ಬಂದರು. ಒಳಗಿರುವುದು ತಂತಿ, ಮೋಟಾರು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ಲಿಯೊ ತಯಾರಿಸಿದ ಕಂಪನಿ 2009ರಲ್ಲಿ ದಿವಾಳಿಯಾಯಿತು. ಬೇರೊಂದು ಕಂಪನಿ ಅದನ್ನು ಮುಂದುವರಿಸಿತು, ಆ ಮಾತು ಬಿಡಿ. ಅದರ ಬ್ಯಾಟರಿ ಆ ಆಟಿಕೆಗೆಂದೇ ಮಾಡಿದ್ದು. ಬೀದಿ ಬದಿಯ ಅಂಗಡಿಯಲ್ಲಿ ಸಿಗುವಂಥದಲ್ಲ.

ಕೊಳ್ಳುವ ಮುನ್ನ

ಅಪ್ಪ ಅಮ್ಮನನ್ನು ಆಟಿಕೆ ಕೊಡಿಸೆಂದು ಕಾಡುವ ಮುನ್ನ ಒಂದು ಲೆಕ್ಕ ಹಾಕಿ. ಒಳ್ಳೆಯ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 2,000 ಮಿಲಿಆಂಪಿಯರ್-ಗಂಟೆ ವಿದ್ಯುತ್ತು ಇರುತ್ತದೆ. ಆಟಿಕೆ 400 ಮಿಲಿಆಂಪಿಯರ್ ಎಳೆದರೆ ಅದು ಐದು ಗಂಟೆ ಓಡುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಆಡಿದರೆ ಹತ್ತು ದಿನ. ಮೂರು ಸೆಲ್ಲಿನ ಆಟಿಕೆಗೆ ತಿಂಗಳಿಗೆ ಒಂಬತ್ತು ಸೆಲ್ಲು ಬೇಕಾಯಿತು! ಕಡಿಮೆ ಬೆಲೆಯ ಮಾಮೂಲಿ ಸೆಲ್ಲು ಇನ್ನೂ ಬೇಗ ಮುಗಿಯುತ್ತದೆ. ಅಂಗಡಿಯವರು ಹೇಳುವ ಬೆಲೆಯಲ್ಲಿ ಈ ಖರ್ಚು ಸೇರಿರುವುದಿಲ್ಲ. ನನ್ನ ತಂಗಿ ಎರಡನೆಯ ತಿಂಗಳಿಗೇ ಸೆಲ್ಲು ತರುವುದನ್ನು ನಿಲ್ಲಿಸಿದಳು, ಅವಳನ್ನು ದೂರುವಂತಿಲ್ಲ.

ಡಬ್ಬದ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಇದು ಕಡ್ಡಾಯವಾಗಿದೆ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಗುಂಡಿಯಂಥ ಚಪ್ಪಟೆ ಸೆಲ್ಲು ಹಾಕುವ ಆಟಿಕೆಯಾದರೆ ಈ ಸ್ಕ್ರೂ ಇಲ್ಲದಿದ್ದರೆ ತೆಗೆದುಕೊಳ್ಳಲೇಬೇಡಿ. ಮನೆಯ ಪುಟ್ಟ ಮಗು ನಾಣ್ಯದಂಥ ಲಿಥಿಯಂ ಸೆಲ್ಲು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಹಾಗಾದಾಗ ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮುಗಿದ ಸೆಲ್ಲನ್ನು ಬೆಂಕಿಗೆ ಹಾಕಬೇಡಿ, ಸಿಡಿಯುತ್ತದೆ.

ಮಾಡಿ ನೋಡಿ

ಹೊಸ ಆಟಿಕೆ ಇಲ್ಲವೆಂದು ಚಿಂತೆ ಬೇಡ. ಈ ಪಾಠಕ್ಕೆ ಕೆಟ್ಟುಹೋದ ಆಟಿಕೆಯೇ ಒಳ್ಳೆಯದು. ಯಾರದಾದರೂ ಮನೆಯ ಅಟ್ಟದ ಮೇಲೆ ಮುರಿದ ಕಾರೋ ಗೊಂಬೆಯೋ ಇದ್ದೇ ಇರುತ್ತದೆ. ಸೆಲ್ಲು ತೆಗೆದ ಮೇಲೆ, ನಿಮ್ಮ ಶಿಕ್ಷಕರ ಎದುರಿನಲ್ಲೇ ಬಿಚ್ಚಿ. ಗೋಡೆಯ ಕರೆಂಟಿಗೆ ಹಾಕುವ ಚಾರ್ಜರನ್ನು ಮಾತ್ರ ಎಂದೂ ಬಿಚ್ಚಕೂಡದು. ಹಲ್ಲುಚಕ್ರಗಳ ಹಲ್ಲು ಎಣಿಸಿ, ವೇಗ ಎಷ್ಟು ಪಟ್ಟು ತಗ್ಗುತ್ತದೆ ಎಂದು ಕಂಡುಹಿಡಿಯಿರಿ. ತುಕ್ಕು ಹಿಡಿದ ಸ್ಪ್ರಿಂಗು, ಕಳಚಿದ ತಂತಿ ಕಂಡರೆ ಗುರುತು ಹಾಕಿಕೊಳ್ಳಿ. ಎಷ್ಟೋ ಆಟಿಕೆ ನಿಂತುಹೋಗುವುದು ಇಷ್ಟಕ್ಕೇ. ಒಳಗೆ ಕಂಡದ್ದರ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಶಾಲೆಯ ಹೆಸರಿನೊಂದಿಗೆ ನಮಗೆ ಕಳುಹಿಸಿ. ಹೆಸರು ಗೊತ್ತಿಲ್ಲದ ಭಾಗಕ್ಕೆ ನೀವೇ ಒಂದು ಹೆಸರಿಡಿ.