ಇದರಲ್ಲಿ ನಿಮಗೆಷ್ಟು ಸಿಗ್ತದೆ ಅಕ್ಕ?

ಶಿರ್ವದಲ್ಲಿ ಒಂದು ಫ್ಯಾನಿನ ಬಗ್ಗೆಯೋ ಮಿಕ್ಸಿಯ ಬಗ್ಗೆಯೋ ನಾಲ್ಕು ಒಳ್ಳೆಯ ಮಾತು ಹೇಳಿ ನೋಡಿ. ಮೊದಲು ಬರುವ ಪ್ರಶ್ನೆ ಬೆಲೆಯದ್ದಲ್ಲ, ಗ್ಯಾರಂಟಿಯದ್ದೂ ಅಲ್ಲ. "ಇದರಲ್ಲಿ ನಿಮಗೆಷ್ಟು ಸಿಗ್ತದೆ ಅಕ್ಕ?" ನಗುತ್ತಲೇ ಕೇಳುತ್ತಾರೆ. ಉತ್ತರ ಬರುವವರೆಗೆ ಮುಖದ ಮೇಲಿಂದ ಕಣ್ಣು ಮಾತ್ರ ತೆಗೆಯುವುದಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಪಕ್ಕದ ಶಂಕರಪುರದಲ್ಲಿ ಮಲ್ಲಿಗೆ ಅಟ್ಟೆಗೆ ಇವತ್ತು ಎಷ್ಟು ಎಂದು ದಿನಾ ದರ ಕೇಳಿಯೇ ಹೂ ಕೊಡುವ ಸೀಮೆ ಇದು. ನಡುವೆ ನಿಂತವನ ಪಾಲು ಎಷ್ಟು ಎಂದು ಕೇಳುವುದು ಇಲ್ಲಿ ಅಸಭ್ಯತೆ ಅಲ್ಲ.

ಉಡುಪಿಯ ಒಂದು ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಕೆಲವು ವರ್ಷ ನಿಂತವಳು ನಾನು. ಈಗ ಮನೆಯಲ್ಲೇ ಕೂತು ಮನೆಬಳಕೆಯ ವಸ್ತುಗಳ ಬಗ್ಗೆ ಕನ್ನಡದಲ್ಲಿ ಸಣ್ಣ ವಿಡಿಯೋ ಮಾಡುತ್ತೇನೆ, ಕೆಳಗೆ ಲಿಂಕ್ ಹಾಕುತ್ತೇನೆ. ಆ ಲಿಂಕ್ ಒತ್ತಿ ಯಾರಾದರೂ ಕೊಂಡರೆ ನನಗೆ ಕಮಿಷನ್. ನೋಡುವವರಲ್ಲಿ ಅರ್ಧದಷ್ಟು ಮಂದಿ ಮುಂಬೈ, ದುಬೈ, ಮಸ್ಕತ್‌ಗಳಲ್ಲಿ ಇರುವ ನಮ್ಮವರೇ. ಅವರು ಕೊಳ್ಳುವುದು ತಮಗಲ್ಲ, ಪಂಬೂರಿನಲ್ಲೋ ಪಿಲಾರಿನಲ್ಲೋ ಒಂಟಿಯಾಗಿರುವ ಅಪ್ಪ ಅಮ್ಮನಿಗೆ.

ಎಷ್ಟು ಸಿಗುತ್ತದೆ ಎಂಬುದಕ್ಕೆ ಶುರುವಿನಲ್ಲಿ "ಏನೋ ಸ್ವಲ್ಪ" ಎನ್ನುತ್ತಿದ್ದೆ. ಆ "ಸ್ವಲ್ಪ" ಕೇಳಿದವರ ತಲೆಯೊಳಗೆ ಸಾವಿರವಾಗಿ ಬೆಳೆಯುತ್ತದೆ ಎಂದು ತಿಳಿದ ಮೇಲೆ ರೂಪಾಯಿಯಲ್ಲೇ ಹೇಳುತ್ತೇನೆ: ಮೂರು ಸಾವಿರದ ಫ್ಯಾನಿಗೆ ನನಗೆ ನೂರರ ಆಸುಪಾಸು. ನೀವು ಕೊಡುವ ಬೆಲೆಯಲ್ಲಿ ಅದರಿಂದ ಏರಿಕೆ ಇಲ್ಲ. ಸಾಮಾನು ವಾಪಸ್ ಕಳಿಸಿದರೆ ಆ ನೂರೂ ಹೋಯಿತು. ಲಿಂಕ್ ಒತ್ತಿ ಒಳಗೆ ಹೋದ ಮೇಲೆ ಫ್ಯಾನ್ ಬಿಟ್ಟು ಚಪ್ಪಲಿ ಕೊಂಡರೂ ಕೆಲವು ಸಲ ನನ್ನ ಲೆಕ್ಕಕ್ಕೆ ಏನೋ ಬೀಳುತ್ತದೆ. ಈ ಕೊನೆಯದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಜನ ನಗುತ್ತಾರೆ, ಆಮೇಲೆ ನಂಬುತ್ತಾರೆ.

ಕಮಿಷನ್ ಇರುವ ಮಾತನ್ನೆಲ್ಲ ನಂಬದೆ ಇರಲು ಇದೇನು ಹೊಸ ಊರಲ್ಲವಲ್ಲ. ಪಿಗ್ಮಿ ಹುಟ್ಟಿದ್ದೇ ಈ ಜಿಲ್ಲೆಯಲ್ಲಿ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ದಿನಕ್ಕೆ ಎರಡಾಣೆಯ ಉಳಿತಾಯವನ್ನು ಮನೆ ಬಾಗಿಲಿಗೇ ಬಂದು ಎತ್ತಲು ಶುರುಮಾಡಿತು. ಎತ್ತುವ ಏಜೆಂಟನಿಗೆ ಸಂಬಳವಲ್ಲ, ಕಮಿಷನ್. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು, ಪಿಗ್ಮಿಯವರು ಮಾತ್ರ ಇನ್ನೂ ಸಂಜೆಗೆ ಅಂಗಡಿ ಅಂಗಡಿ ಸುತ್ತುತ್ತಾರೆ. ಅವರಿಗೆ ಕಮಿಷನ್ ಇದೆ ಎಂದು ಎಲ್ಲರಿಗೂ ಗೊತ್ತು, ಅದರಿಂದ ಯಾರ ವಿಶ್ವಾಸವೂ ಕಡಿಮೆಯಾಗಿಲ್ಲ. ಯಾಕೆಂದರೆ ನಾಳೆ ಅದೇ ಬಾಗಿಲಿಗೆ ಅದೇ ಮನುಷ್ಯ ಬರಬೇಕು. ಲಿಂಕಿನ ವ್ಯವಹಾರದಲ್ಲಿ ಇಲ್ಲದಿರುವುದು ಇದೇ. ದೆಹಲಿಯಲ್ಲಿ ಕೂತು ಗೀಸರ್ ಹೊಗಳಿದವನನ್ನು ಮಂಚಕಲ್ ಪೇಟೆಯಲ್ಲಿ ಹಿಡಿದು ನಿಲ್ಲಿಸಲು ಆಗುವುದಿಲ್ಲ. ನನ್ನನ್ನು ಹಿಡಿಯಬಹುದು. ಹಿಡಿದಿದ್ದಾರೆ ಕೂಡ, ಚರ್ಚಿನ ಹಬ್ಬದ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ.

ಇದರಿಂದ ನಾನು ಕಲಿತದ್ದೆಂದರೆ, ಕೊಳ್ಳುವವರ ಅನುಮಾನವನ್ನು ತೊಲಗಿಸುವುದು ನನ್ನ ಕೆಲಸ ಅಲ್ಲ. ಹೆಚ್ಚಿನ ಸಲ ಅನುಮಾನ ಸರಿಯಾಗಿಯೇ ಇರುತ್ತದೆ.

ಬಿಎಲ್‌ಡಿಸಿ ಫ್ಯಾನಿನ ಕಥೆ ನೋಡಿ. ಹಳೆಯ ಫ್ಯಾನು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವಾದ ಮೇಲೆ ಎಲ್ಲರೂ ಇದರ ಗುಣಗಾನಕ್ಕೆ ಇಳಿದರು. ಲೆಕ್ಕ ಸರಳ: ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಯೂನಿಟ್‌ಗೆ ಆರು ರೂಪಾಯಿ ಎಂದಿಟ್ಟರೆ ವರ್ಷಕ್ಕೆ ಸಾವಿರದ ಮೇಲೆ. ಇದನ್ನು ವಿಡಿಯೋದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮೂಡುಬೆಳ್ಳೆಯ ಒಬ್ಬರು ಕೇಳಿದರು: "ನಮಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲ. ಉಳಿಯುವುದು ಯಾರಿಗೆ ಮಾರಾಯ್ರೇ?"

ಸರಿಯಾದ ಪ್ರಶ್ನೆ. ರಾಜ್ಯ ಸರ್ಕಾರದ ಈ ಉಚಿತ ಕರೆಂಟಿನ ಯೋಜನೆಯಲ್ಲಿ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ, ಅದು 200 ಯೂನಿಟ್ ದಾಟುವಂತಿಲ್ಲ. ಆ ಮಿತಿಯೊಳಗೆ ಇರುವ ಮನೆಗೆ ಬಿಎಲ್‌ಡಿಸಿಯಿಂದ ಉಳಿಯುವ ಹಣ ಸೊನ್ನೆ. ಕಂಪನಿಯವರು ಕೊಡುವ ಪಟ್ಟಿಯಲ್ಲಿ ಈ ಸಾಲು ಇರುವುದಿಲ್ಲ, ಹಾಗಾಗಿ ನಾನೇ ವಿಡಿಯೋದ ಮೊದಲಿಗೆ ಸೇರಿಸಿದೆ: ನಿಮಗೆ ಬಿಲ್ ಸೊನ್ನೆ ಬರುತ್ತಿದ್ದರೆ, ಹಳೆಯ ಫ್ಯಾನ್ ಸರಿಯಾಗಿ ತಿರುಗುತ್ತಿದ್ದರೆ, ಇದು ಬೇಡ. ಹೇಳಿದ ಮೇಲೆ ಉಳಿದವರು ಯಾರು ಎಂದು ಸ್ಪಷ್ಟವಾಯಿತು. ಏಪ್ರಿಲ್-ಮೇಯಲ್ಲಿ 190, 195ರ ಹತ್ತಿರ ಹೋಗಿ ನಿಲ್ಲುವ ಮನೆಗಳು ಕೆಲವಿವೆ. 200 ದಾಟಿದರೆ ಹೆಚ್ಚಿನದ್ದಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಅಂಥವರಿಗೆ ಎರಡು ಫ್ಯಾನಿನ 32 ಯೂನಿಟ್ ಎಂದರೆ ಸಣ್ಣ ಮಾತಲ್ಲ.

ಇನ್ನೊಂದು ಗುಂಪು ಇನ್ವರ್ಟರ್ ಇರುವವರು. ಜೂನ್‌ನಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಎಷ್ಟು ಓಡಾಡಿದರೂ ಕರೆಂಟ್ ಬರುವಾಗ ಮರುದಿನವಾಗುವುದುಂಟು. 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಕೈಗೆ ಸಿಗುವುದು ಸಾವಿರವೆಂದೇ ಹಿಡಿಯಿರಿ. ಹಳೆಯ ಫ್ಯಾನ್ ಎರಡು ಹಾಕಿದರೆ ಆರೇಳು ಗಂಟೆ. ಬಿಎಲ್‌ಡಿಸಿ ಎರಡಾದರೆ ಹದಿನೈದರ ಮೇಲೆ. ರಾತ್ರಿಯಿಡೀ ಅಮ್ಮನಿಗೆ ಗಾಳಿ ಉಂಟಾ ಎಂದು ದುಬೈಯಿಂದ ಕೇಳುವ ಮಗನಿಗೆ ಬೇಕಾದ ಉತ್ತರ ಈ ಗಂಟೆಯ ಲೆಕ್ಕ. ಯೂನಿಟ್ಟಿನ ಲೆಕ್ಕ ಅವನಿಗೆ ಬೇಡ.

ಅಲ್ಲಿಗೂ ಮುಗಿಯುವುದಿಲ್ಲ. ಗೋಡೆಯ ಹಳೆಯ ರೆಗ್ಯುಲೇಟರ್ ಹೆಚ್ಚಿನ ಬಿಎಲ್‌ಡಿಸಿಗಳಿಗೆ ಆಗುವುದಿಲ್ಲ, ಎಲೆಕ್ಟ್ರಿಷಿಯನ್ ಬಂದು ತೆಗೆಯಬೇಕು. ರಿಮೋಟ್ ಮಂಚದ ಸಂದಿಗೆ ಬಿದ್ದರೆ ಎಪ್ಪತ್ತೈದರ ಅಜ್ಜಿ ಬಗ್ಗಿ ಹುಡುಕಲಾರರು. ಒಳಗಿನ ಸರ್ಕ್ಯೂಟ್ ಬೋರ್ಡು ಸಿಡಿಲಿಗೆ ಹೆದರುತ್ತದೆ, ಸಿಡಿಲಿಗೆ ಹೋದದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಇಲ್ಲ. ನಮ್ಮಲ್ಲಿ ಮಳೆಗಾಲದ ಮೊದಲು ಮತ್ತು ತುಲಾ ತಿಂಗಳಲ್ಲಿ ಬರುವ ಗುಡುಗು ಎಂಥದ್ದೆಂದು ಕಂಪನಿಯವರಿಗೆ ಏನು ಗೊತ್ತು. ಹಳೆಯ ಫ್ಯಾನಿಗೆ ಕೆಪಾಸಿಟರ್ ಬದಲಿಸಿದರೆ ಮತ್ತೆ ತಿರುಗುತ್ತದೆ. ಇದರ ಬೋರ್ಡು ಸುಟ್ಟರೆ ಹೊಸ ಬೋರ್ಡೇ ಬೇಕು. ಹತ್ತಿರದ ಸರ್ವಿಸ್ ಸೆಂಟರ್ ಉಡುಪಿಯಲ್ಲಿ ಉಂಟೋ ಮಂಗಳೂರಿಗೆ ಹೋಗಬೇಕೋ ಎಂದು ಫೋನ್ ಮಾಡಿ ಕೇಳದೆ ನಾನು ಈಗ ಯಾವ ಕಂಪನಿಯ ಲಿಂಕನ್ನೂ ಹಾಕುವುದಿಲ್ಲ. ಫೋನ್ ಎತ್ತದ ಕಂಪನಿಗಳು ಅಲ್ಲಿಗೇ ಬಿದ್ದುಹೋಗುತ್ತವೆ.

ನೀರಿನ ವಿಷಯದಲ್ಲಿ ಕಮಿಷನ್ನಿಗೂ ಸತ್ಯಕ್ಕೂ ನೇರ ಜಗಳ. ನೀರು ಸೋಸುವ ಆರ್‌ಒ ಯಂತ್ರ ದುಬಾರಿ, ಹಾಗಾಗಿ ನನ್ನ ಪಾಲೂ ದೊಡ್ಡದು. ಆದರೆ ಮುರಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಬಹಳ ಮೃದು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರನ್ನು ಮನೆಯ ಬಾವಿಗೆ ಅದ್ದಿದರೆ ನೂರನ್ನೂ ಮುಟ್ಟುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಅದಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇಯಲ್ಲೇ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಇರುವ ಅಲ್ಪ ಲವಣವನ್ನೂ ತೆಗೆದು, ಒಂದು ಕೊಡ ಕುಡಿಯಲು ಎರಡು ಮೂರು ಕೊಡ ಚೆಲ್ಲುವ ಯಂತ್ರವನ್ನು ಜೀರಿಗೆ ಹಾಕಿ ಕುದಿಸಿದ ನೀರು ಕುಡಿಯುವ ಮನೆಗೆ ಯಾವ ಬಾಯಿಯಿಂದ ಹೇಳಲಿ?

ಆದರೂ ಮಾರಾಟವಾಗುತ್ತದೆ, ಒಂದು ಆಟದ ಬಲದಿಂದ. ಮಾರುವವನು ನಿಮ್ಮ ಬಾವಿಯ ನೀರಿಗೂ ಆರ್‌ಒ ನೀರಿಗೂ ಲೋಹದ ಕಡ್ಡಿಗಳನ್ನು ಅದ್ದಿ ಕರೆಂಟ್ ಕೊಡುತ್ತಾನೆ. ನಿಮಿಷದಲ್ಲಿ ಬಾವಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಇರುತ್ತದೆ. ನೋಡಿದವರಿಗೆ ಹೊಟ್ಟೆ ತೊಳಸುತ್ತದೆ. ಆ ಕೊಳೆ ನೀರಿನದ್ದಲ್ಲ, ಕಬ್ಬಿಣದ ಕಡ್ಡಿಯ ತುಕ್ಕು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಡ್ಡಿ ಸವೆಯುತ್ತದೆ; ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ ಇರುವುದರಿಂದ ಹೆಚ್ಚೇನೂ ಆಗುವುದಿಲ್ಲ, ಅಷ್ಟೆ. ಆರ್‌ಒ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಅದ್ದು ಎಂದು ಹೇಳಿ, ಅವನು ಚೀಲ ಕಟ್ಟುತ್ತಾನೆ. ಇದನ್ನು ವಿವರಿಸಿದ ವಿಡಿಯೋದಿಂದ ನನಗೆ ಬಂದ ಕಮಿಷನ್ ಏನೇನೂ ಇಲ್ಲ. ಅದನ್ನು ನೋಡಿ ಬಂದವರು ಮಾತ್ರ ಬೇರೆ ಯಾವುದಕ್ಕೂ ನನ್ನನ್ನೇ ಕೇಳುತ್ತಾರೆ.

ಟಿಡಿಎಸ್ ಕಡಿಮೆ ಎಂದರೆ ನೀರು ಶುದ್ಧ ಎಂದರ್ಥವಲ್ಲ, ಅದನ್ನೂ ಹೇಳಲೇಬೇಕು. ರೋಗಾಣು ಮೀಟರಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು ಇಳಿಯುವ ಮನೆಗಳಿಗೆ ರೋಗಾಣು ಕೊಲ್ಲುವ ಯುವಿ ಯಂತ್ರ ಸಾಕು, ಕುದಿಸಿದರೂ ಸಾಕು. ಕಾಪುವಿನ ಕಡಲ ಬದಿ, ಮಟ್ಟು, ಉದ್ಯಾವರ ಹೊಳೆಯ ಬದಿಯಲ್ಲಿ ಬೇಸಿಗೆಗೆ ಉಪ್ಪಾಗುವ ಬಾವಿ ಇದ್ದರೆ ಅಲ್ಲಿ ಆರ್‌ಒ ಬೇಕಾಗಬಹುದು. ಒಂದೇ ತಾಲೂಕು, ಹತ್ತು ಹದಿನೈದು ಕಿಲೋಮೀಟರಿನೊಳಗೆ ಎರಡು ಉತ್ತರ. ಹಾಗಾಗಿ ಆನ್‌ಲೈನ್ ವಿಮರ್ಶೆಗಳಲ್ಲಿ ಇಡೀ ದೇಶಕ್ಕೆ ಒಂದೇ ಮಾತು ಹೇಳುವವರ ಐದು ಸ್ಟಾರುಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಎರಡು, ಮೂರು ಸ್ಟಾರ್ ಕೊಟ್ಟವರನ್ನು ಓದುತ್ತೇನೆ. ಕೆಲವು ಕಡೆ ಬರೆದವರ ಊರೂ ಇರುತ್ತದೆ. ಮಂಗಳೂರು, ಗೋವಾ, ಕೊಚ್ಚಿ ಎಂದಿದ್ದರೆ ಕಡಲ ಗಾಳಿಗೆ ಹಿಡಿಯುವ ತುಕ್ಕಿನ ಸುದ್ದಿ ಅಲ್ಲಿ ಖಂಡಿತ ಸಿಗುತ್ತದೆ.

ಕಾನೂನಿನ ಮಾತು ಸ್ವಲ್ಪ. 2022ರ ಜೂನ್ 9ರಂದು ಬಂದ ದಾರಿತಪ್ಪಿಸುವ ಜಾಹೀರಾತಿನ ಮಾರ್ಗಸೂಚಿ, ಅದರ ಬೆನ್ನಿಗೆ 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಗಳ ಪ್ರಕಾರ, ನಮ್ಮಂಥವರು ಕಂಪನಿಯಿಂದ ಹಣವೋ ಉಚಿತ ವಸ್ತುವೋ ಪಡೆದಿದ್ದರೆ ಎದ್ದು ಕಾಣುವಂತೆ ಹೇಳಬೇಕು. ವಿಡಿಯೋ ಆದರೆ ತೆರೆಯ ಮೇಲೂ ಬಾಯಲ್ಲೂ. ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಹುಗಿಸುವಂತಿಲ್ಲ. ತಪ್ಪಿದರೆ ಮೊದಲ ಸಲವೇ ದಂಡ ಹತ್ತು ಲಕ್ಷದವರೆಗೆ ಹೋಗಬಹುದು. ಒಂದು ಕಂಪನಿಯ ಹುಡುಗ ಫೋನ್ ಮಾಡಿ, ಕಮಿಷನ್ ಮಾತು ಕೊನೆಗೆ ಹಾಕಿ ಮೇಡಂ, ಮೊದಲೇ ಹೇಳಿದರೆ ಜನ ಹೋಗಿಬಿಡ್ತಾರೆ ಎಂದ. ನಮ್ಮೂರಿನವರು ಮೊದಲ ಪ್ರಶ್ನೆಯೇ ಅದನ್ನು ಕೇಳುತ್ತಾರೆ ಎಂದು ಅವನಿಗೆ ತಿಳಿಸಲು ಹೋಗಲಿಲ್ಲ. ಅವರು ಕಳಿಸಿದ್ದ ಸಾಮಾನನ್ನು ವಾಪಸ್ ಕಳಿಸಿದೆ.

ಏಪ್ರಿಲ್ ಬಂತೆಂದರೆ ಕೂಲರಿನ ವಿಚಾರಣೆ. ಬೇಸಿಗೆಗೆ ಕೂಲರಿನ ಮೇಲೆ ಕಮಿಷನ್ನೂ ಏರುತ್ತದೆ. ಕಲಬುರಗಿ, ಬಳ್ಳಾರಿಯ ಒಣ ಗಾಳಿಯಲ್ಲಿ ನೀರು ಆವಿಯಾಗಿ ಕೋಣೆ ತಂಪಾಗುತ್ತದೆ. ನಮ್ಮಲ್ಲಿ ಗಾಳಿಯೇ ಒದ್ದೆ, ಇನ್ನು ಆವಿಯಾಗುವುದೆಲ್ಲಿ? ಕೋಣೆಯಲ್ಲಿ ಸೆಕೆ ಹೆಚ್ಚುತ್ತದೆ, ಬೀರುವಿನ ಬಟ್ಟೆಗೆ ಬೂಸಲು ಹಿಡಿಯುತ್ತದೆ. ಶಾರ್ಜಾದಿಂದ ಒಬ್ಬರು ಶಿರ್ವದ ಮನೆಗೆ ಕೂಲರ್ ಬೇಕೆಂದಾಗ ಬೇಡ ಎಂದೆ. ಅವರು ಬೇರೆ ಯಾರದೋ ಲಿಂಕಿನಿಂದ ತರಿಸಿದರು. ಅವರ ತಾಯಿ ಈಗ ಅದಕ್ಕೆ ನೀರು ಹಾಕದೆ ಫ್ಯಾನಿನ ಹಾಗೆ ಬಳಸುತ್ತಾರೆ. "ಗಾಳಿ ಲಾಯ್ಕ ಬರ್ತದೆ" ಎಂದು ನನ್ನ ಹತ್ತಿರವೇ ಹೊಗಳಿದರು. ಮೊನ್ನೆ ಮಗ ಮತ್ತೆ ಮೆಸೇಜ್ ಮಾಡಿದ್ದಾರೆ, ಈ ಸಲ ಇನ್ವರ್ಟರ್ ಬೇಕಂತೆ. ಬ್ಯಾಟರಿಗೆ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ತುಂಬಿಸಲು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಲಿಂಕ್ ಕಳಿಸಿಲ್ಲ.