‘ಬಂದೆ’ ಎಂದರೆ ಸಾಲದು

ಮಗಳೇ, ಮೀಯಪದವಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಾಲೇಜಿಗೆ ಹೊರಟಿದ್ದೀ. ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ನಿನಗೆ ಹೆದರಿಕೆಯಂತೆ, ಅಮ್ಮ ಹೇಳಿದಳು. ಶಬ್ದಗಳು ನಿನಗೆ ಧಾರಾಳ ಗೊತ್ತುಂಟು. ತಡವರಿಸುವುದು ಸರ್ವನಾಮವೂ ಕ್ರಿಯಾಪದವೂ ಕೂಡುವ ಜಾಗದಲ್ಲಿ.

ಬಸ್ಸಿನಿಂದ ಮನೆಗೆ ಫೋನ್ ಮಾಡಿ ‘ಬಂದೆ, ಹೊಸಂಗಡಿಯಲ್ಲಿದ್ದೇನೆ’ ಅನ್ನುತ್ತೀ. ಅದರಲ್ಲಿ ‘ನಾನು’ ಇಲ್ಲ, ಬೇಕಾಗಿಯೂ ಇಲ್ಲ. ಯಾರು ಎಂಬುದನ್ನು ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ. ತುಳುವಿನಲ್ಲೂ ಹಾಗೆಯೇ: ಯಾನ್ ಪೋಪೆ, ಆಳ್ ಪೋಪಳ್. ಆದರೆ ನಿನಗೆ ಮಲಯಾಳವೂ ಬರುತ್ತದಲ್ಲ, ಅದನ್ನೊಮ್ಮೆ ಗಮನಿಸು. ಞಾನ್ ಪೋಗುನ್ನು, ಅವನ್ ಪೋಗುನ್ನು, ಅವಳ್ ಪೋಗುನ್ನು. ಯಾರು ಹೋದರೂ ರೂಪ ಒಂದೇ. ಹಳೆಯ ಮಲಯಾಳದಲ್ಲಿ ನಮ್ಮ ಹಾಗೆ ಪುರುಷ ಪ್ರತ್ಯಯಗಳಿದ್ದುವು, ಕಾಲಕ್ರಮೇಣ ಬಿದ್ದುಹೋದುವು. ಇಂಗ್ಲಿಷಿನಲ್ಲಿಯೂ ಆದದ್ದು ಹೆಚ್ಚುಕಡಿಮೆ ಅದೇ. ಐ ಗೋ, ಯೂ ಗೋ, ವೀ ಗೋ, ದೇ ಗೋ. ಹೀ, ಶೀ, ಇಟ್ ಬಂದಾಗ ಮಾತ್ರ ‘ಗೋಸ್’. ‘ಇಲ್ಲ’ ಎನ್ನುವಾಗ ಆ ‘ಎಸ್’ ಮುಂದಕ್ಕೆ ಸರಿಯುತ್ತದೆ: ಶೀ ಡಸಂಟ್ ಗೋ. ನಿನ್ನೆಯ ಮಾತಾದರೆ ಎಲ್ಲರಿಗೂ ‘ವೆಂಟ್’.

ತುದಿಯಲ್ಲಿ ಗುರುತು ಉಳಿಯದ ಕಾರಣ ಇಂಗ್ಲಿಷಿಗೆ ಸರ್ವನಾಮ ಬೇಕೇ ಬೇಕು. ಮಲಯಾಳದಲ್ಲಿ ಸಂದರ್ಭ ನೋಡಿ ಬಿಡಬಹುದು, ಇಲ್ಲಿ ಬಿಡಲಾಗದು. ‘ಮಳೆ ಬರ್ತದೆ’ ಎಂಬಲ್ಲಿ ಕೂಡ ‘ಇಟ್ ಈಸ್ ರೈನಿಂಗ್’ ಎನ್ನಬೇಕು. ಆ ‘ಇಟ್’ ಯಾವುದು ಎಂದು ಹುಡುಕಲು ಹೋಗಬೇಡ, ಜಾಗ ತುಂಬುವುದಷ್ಟೇ ಅದರ ಕೆಲಸ.

ಇನ್ನೊಂದು ವಿಷಯ. ‘ಟೀಚರ್ ಬಂದರು’ ಎಂಬ ಅಭ್ಯಾಸದಿಂದ ಒಬ್ಬ ಟೀಚರಿಗೆ ‘ದೇ’ ಅಂದುಬಿಡುತ್ತೀ. ‘ಶೀ’ ಎನ್ನಲು ನಾಲಿಗೆ ಅಳುಕುವುದು ನಮ್ಮವರ ಒಳ್ಳೆಯ ಗುಣವೇ ಹೌದು. ಆದರೂ ಧೈರ್ಯವಾಗಿ ‘ಶೀ’ ಅನ್ನು. ಅಲ್ಲಿ ಏಕವಚನದಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ.

ಕ್ರಿಯಾಪದದ ನಂತರ ಬರುವ ಸರ್ವನಾಮಗಳನ್ನು ನಿಯಮದಿಂದ ಕಲಿಯುವುದಕ್ಕಿಂತ ಜೋಡಿಯಾಗಿಯೇ ಬಾಯಿಗೆ ತಂದುಕೋ: ಟೆಲ್ ಮೀ, ಆಸ್ಕ್ ಹರ್, ಹೆಲ್ಪ್ ದೆಮ್. ‘ಎಕ್ಸ್‌ಪ್ಲೇನ್ ಮೀ’ ಎಂದು ನಮ್ಮವರು ತುಂಬಾ ಜನ ಹೇಳುತ್ತಾರೆ, ‘ಎಕ್ಸ್‌ಪ್ಲೇನ್ ಇಟ್ ಟು ಮೀ’ ಆಗಬೇಕು. ‘ಪಿಕ್ ಅಪ್’ ಜೊತೆ ‘ಇಟ್’ ಬಂದರೆ ನಡುವೆ ಕೂರುತ್ತದೆ: ಪಿಕ್ ಇಟ್ ಅಪ್.

ಅಭ್ಯಾಸಕ್ಕೆ ಅಡುಗೆಮನೆಯೇ ಸಾಕು. ಬೆಳಗ್ಗೆ ಅಮ್ಮ ಕೆಲಸ ಮಾಡುವಾಗ ನೋಡುತ್ತಾ ಗಟ್ಟಿಯಾಗಿ ಹೇಳು: ಶೀ ಗ್ರೈಂಡ್ಸ್, ಶೀ ಕಟ್ಸ್, ಶೀ ಡಸಂಟ್ ಸಿಟ್. ಆಮೇಲೆ ಅವಳ ಕೈಯಿಂದ ಕತ್ತಿ ತೆಗೆದುಕೊಂಡು ನೀನೇ ತರಕಾರಿ ಹೆಚ್ಚು, ‘ಐ ಕಟ್’ ಅನ್ನು. ತಮ್ಮನೂ ಪಕ್ಕದಲ್ಲಿದ್ದರೆ ‘ವೀ ಕಟ್’ ಕೂಡ ಬರುತ್ತದೆ.