ರೋಗಿಯ ಕೆಳಗೊಂದು ಕೆಪಾಸಿಟರ್: ಓಟಿ ಹಾಸಿಗೆಗೆ ಶೀಲ್ಡ್ ಹಾಕೋದು ಹೇಗೆ?

ಲೋಕಲ್ ಚಾರ್ಜರ್ ಹಾಕಿಕೊಂಡು ಫೋನ್ ಬಳಸಿದರೆ ಟಚ್‌ಸ್ಕ್ರೀನ್ ಹುಚ್ಚುಹುಚ್ಚಾಗಿ ಆಡೋದನ್ನ ಹಾಸ್ಟೆಲ್‌ನಲ್ಲಿ ಇರೋರೆಲ್ಲ ನೋಡಿರ್ತೀರಿ. ಒಂದು ಕಡೆ ಒತ್ತಿದರೆ ಇನ್ನೆಲ್ಲೋ ಅಕ್ಷರ ಬೀಳತ್ತೆ. ಚಾರ್ಜರ್ ಕಿತ್ತರೆ ಸರಿಹೋಗತ್ತೆ. ಸ್ಕ್ರೀನ್ ಕೆಟ್ಟಿರಲ್ಲ. ಚಾರ್ಜರ್‌ನ ನಾಯ್ಸ್ ಇಡೀ ಫೋನಿನ ವೋಲ್ಟೇಜನ್ನ ಮೇಲೆ ಕೆಳಗೆ ಕುಣಿಸುತ್ತಿರತ್ತೆ, ನಮ್ಮ ಬೆರಳು ಮಾತ್ರ ಕುಣಿಯದೆ ನಿಂತಿರತ್ತೆ. ಆ ವ್ಯತ್ಯಾಸವನ್ನೇ ಸ್ಕ್ರೀನು ಟಚ್ ಅಂದುಕೊಳ್ಳತ್ತೆ.

ಫೋನಿನಲ್ಲಿ ಇದು ತಮಾಷೆ. ಇದೇ ಫಿಸಿಕ್ಸ್ ಆಪರೇಷನ್ ಟೇಬಲ್ ಮೇಲೆ ನಡೆದರೆ ತಮಾಷೆ ಅಲ್ಲ. ನಿದ್ದೆಯಲ್ಲಿ ನಾವೆಲ್ಲ ನಮಗೇ ಗೊತ್ತಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಅರಿವಳಿಕೆ ಕೊಟ್ಟ ರೋಗಿ ಬದಲಿಸಲಾರ. ನೋವಾಗುತ್ತಿದೆ ಅಂತ ಹೇಳಲೂ ಆರ. ಐದಾರು ಗಂಟೆಯ ಸರ್ಜರಿಯಲ್ಲಿ ಬೆನ್ನಿನ ಕೆಳಭಾಗ, ಹಿಮ್ಮಡಿ, ತಲೆಯ ಹಿಂಭಾಗ ಒಂದೇ ಕಡೆ ಒತ್ತಿಕೊಂಡು, ಅಲ್ಲಿನ ರಕ್ತ ಸಂಚಾರ ನಿಂತು ಚರ್ಮ, ಮಾಂಸ ಸಾಯಲು ಶುರುವಾಗಬಹುದು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ಆಗುವ ಬೆಡ್‌ಸೋರ್‌ನ ಜಾತಿಯದೇ ಇದು. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಅನ್ನುವವರು ಬೆರಳಿನ ಉಗುರಿನ ಬುಡದ ಸೂಕ್ಷ್ಮ ರಕ್ತನಾಳದಲ್ಲಿ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಒತ್ತಡ ಅಳೆದಿದ್ದರು. ನಮ್ಮ ಲೆಕ್ಕಕ್ಕೆ ತಂದರೆ ಒಂದು ಚದರ ಸೆಂಟಿಮೀಟರ್ ಮೇಲೆ 43 ಗ್ರಾಂ ತೂಕ. ಇದು ಎಲ್ಲರಿಗೂ ಎಲ್ಲ ಜಾಗಕ್ಕೂ ಸಲ್ಲುವ ಗಡಿಯಲ್ಲ, ಆದರೆ ನಾವು ಎಷ್ಟು ಚಿಕ್ಕ ಒತ್ತಡದ ಬಗ್ಗೆ ಮಾತಾಡುತ್ತಿದ್ದೇವೆ ಅನ್ನೋದು ಇದರಿಂದ ಗೊತ್ತಾಗತ್ತೆ. ಅದಕ್ಕೇ ಹಾಸಿಗೆಯೊಳಗೆ ಸೆನ್ಸರ್ ಇಟ್ಟು, ಎಲ್ಲಿ ಎಷ್ಟು ಒತ್ತಡ ಅಂತ ಬಣ್ಣದ ನಕ್ಷೆ ತೋರಿಸುವ ವ್ಯವಸ್ಥೆಗಳು ಬಂದಿರೋದು.

ಅಂಥ ಹಾಸಿಗೆಗಳಲ್ಲಿ ಒಂದು ಜಾತಿ ಕೆಪಾಸಿಟಿವ್. ಮೇಲೊಂದು ವಾಹಕ ಪಟ್ಟಿ, ಕೆಳಗೆ ಅಡ್ಡಡ್ಡವಾಗಿ ಇನ್ನೊಂದು ಪಟ್ಟಿ, ನಡುವೆ ಮೆತ್ತನೆಯ ಫೋಮ್. ಎರಡು ಪಟ್ಟಿ ಒಂದರ ಮೇಲೊಂದು ಹಾಯುವ ಕಡೆಯೆಲ್ಲ ಒಂದು ಪುಟ್ಟ ಕೆಪಾಸಿಟರ್. ಭಾರ ಬಿದ್ದರೆ ಫೋಮ್ ತೆಳುವಾಗತ್ತೆ, ಕೆಪಾಸಿಟೆನ್ಸ್ ಏರತ್ತೆ. ಲೆಕ್ಕ ಹಾಕೋಣ: 2 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ, 1 ಮಿಲಿಮೀಟರ್ ಫೋಮ್, ಅದರ ರಿಲೇಟಿವ್ ಪರ್ಮಿಟಿವಿಟಿ 1.5 ಅಂತ ಇಟ್ಟುಕೊಂಡರೆ ಸಿಗೋದು 5.3 ಪಿಕೋಫ್ಯಾರಡ್. ಫೋಮ್ ಹತ್ತು ಶೇಕಡಾ ಕುಗ್ಗಿದರೆ 5.9. ಅಂದ್ರೆ ನಾವು ಹಿಡಿಯಬೇಕಾದ ಬದಲಾವಣೆ 0.6 ಪಿಕೋಫ್ಯಾರಡ್. 1 ವೋಲ್ಟ್, 100 ಕಿಲೋಹರ್ಟ್ಸ್ ಕೊಟ್ಟು ಅಳೆದರೆ ಆ ಬದಲಾವಣೆ ಸುಮಾರು 0.37 ಮೈಕ್ರೋಆಂಪಿಯರ್ ಆಗಿ ಕಾಣತ್ತೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಈಗ ಓಟಿಯ ಇನ್ನೊಂದು ಯಂತ್ರಕ್ಕೆ ಬರೋಣ. ಕಾಟರಿ ಅಂತಾರೆ. ವಿಲಿಯಂ ಬೋವಿ ಮಾಡಿದ ಇಂಥದ್ದೊಂದು ಯಂತ್ರವನ್ನು ಹಾರ್ವೆ ಕುಶಿಂಗ್ 1926ರ ಅಕ್ಟೋಬರ್ 1ರಂದು ಬಾಸ್ಟನ್‌ನಲ್ಲಿ ಆಪರೇಷನ್‌ಗೆ ಬಳಸಿದರು. ಇವತ್ತು ಅದಿಲ್ಲದ ಓಟಿ ಸಿಗೋದು ಕಷ್ಟ. ಪೆನ್ನಿನಂಥ ತುದಿಯಿಂದ ಹೈ ಫ್ರೀಕ್ವೆನ್ಸಿ ಕರೆಂಟ್ ಹರಿದು ಮಾಂಸ ಕತ್ತರಿಸುತ್ತದೆ, ರಕ್ತ ನಿಲ್ಲಿಸುತ್ತದೆ. ಆ ಕರೆಂಟು ರೋಗಿಯ ತೊಡೆಗೋ ಬೆನ್ನಿಗೋ ಅಂಟಿಸಿದ ಪ್ಲೇಟ್ ಮೂಲಕ ಯಂತ್ರಕ್ಕೆ ವಾಪಸ್. 100 ಕಿಲೋಹರ್ಟ್ಸ್‌ಗಿಂತ ಮೇಲಿನ ಕರೆಂಟಿಗೆ ನರ, ಸ್ನಾಯು ಅದುರೋದಿಲ್ಲ, ಹಾಗಾಗಿ ಸಾಮಾನ್ಯವಾಗಿ 300 ಕಿಲೋಹರ್ಟ್ಸ್‌ನಿಂದ ಮೇಲೆ ಕೆಲಸ ಮಾಡ್ತಾರೆ. ರಕ್ತ ನಿಲ್ಲಿಸುವ ಮೋಡ್‌ನಲ್ಲಿ ಪೀಕ್ ವೋಲ್ಟೇಜ್ ಕೆಲವು ಸಾವಿರಕ್ಕೆ ಹೋಗತ್ತೆ.

ಅಷ್ಟೂ ವೋಲ್ಟೇಜ್ ದೇಹದ ಮೇಲೆ ಬರಲ್ಲ, ನಿಜ. ಆದರೆ ದೇಹ ಸೊನ್ನೆಯಲ್ಲೂ ಇರಲ್ಲ. ಬರೀ 10 ವೋಲ್ಟ್, 500 ಕಿಲೋಹರ್ಟ್ಸ್ ಅಂತ ಊಹಿಸಿ. ರೋಗಿಯ ಬೆನ್ನಿಗೂ ಸೆನ್ಸರ್‌ನ ಮೇಲಿನ ಪಟ್ಟಿಗೂ ನಡುವೆ 2 ಮಿಲಿಮೀಟರ್ ಹೊದಿಕೆ ಇದೆ. ಅದೂ ಒಂದು ಕೆಪಾಸಿಟರ್ ತಾನೆ, ಸುಮಾರು 3.5 ಪಿಕೋಫ್ಯಾರಡ್. 500 ಕಿಲೋಹರ್ಟ್ಸ್‌ನಲ್ಲಿ ಅದರ ಇಂಪಿಡೆನ್ಸ್ 91 ಕಿಲೋಓಮ್. ಹರಿಯುವ ಕರೆಂಟ್ 110 ಮೈಕ್ರೋಆಂಪಿಯರ್. ನಮಗೆ ಬೇಕಾದ ಸಿಗ್ನಲ್ 0.37! ಮುನ್ನೂರು ಪಟ್ಟು ದೊಡ್ಡ ಕಿರುಚಾಟದ ನಡುವೆ ಪಿಸುಮಾತು ಕೇಳಿಸಿಕೊಳ್ಳುವ ಕೆಲಸ ಇದು. ಇದೇ ದಾರಿಯಲ್ಲಿ 50 ಹರ್ಟ್ಸ್ ಬಂದರೆ ಇಂಪಿಡೆನ್ಸ್ 900 ಮೆಗಾಓಮ್ ದಾಟತ್ತೆ. ಮೇನ್ಸ್ ಹಮ್ ಬಗ್ಗೆ ಎಲ್ಲರೂ ಬೈತಾರೆ, ಆದರೆ ಇಲ್ಲಿ ದೊಡ್ಡ ಶತ್ರು ಅದಲ್ಲ.

ಪರಿಣಾಮ ಏನು? ನಕ್ಷೆಯಲ್ಲಿ ಇಲ್ಲದ ಕಡೆ ಕೆಂಪು, ಇರುವ ಕಡೆ ಹಸಿರು. ಕೆಂಪು ಸುಳ್ಳು ಅಂತ ನಾಲ್ಕು ಸಲ ಗೊತ್ತಾದ ಮೇಲೆ ಯಾರೂ ಆ ಸ್ಕ್ರೀನ್ ಕಡೆ ನೋಡಲ್ಲ. ಹಸಿರು ಸುಳ್ಳು ಅಂತ ಗೊತ್ತಾಗೋದು, ಸರ್ಜರಿ ಮುಗಿದು ರೋಗಿಯನ್ನು ಹೊರಳಿಸಿದಾಗ.

ಪರಿಹಾರ ಸುಲಭ ಅಂತ ಅನ್ನಿಸತ್ತೆ. 1836ರಲ್ಲಿ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 12 ಅಡಿಯ ಪಂಜರ ಕಟ್ಟಿ, ಹೊರಗೆ ಕಿಡಿ ಹಾರುವಾಗ ತಾನು ಒಳಗೆ ಕೂತು ತೋರಿಸಿದ್ದನ್ನೇ ನಾವೂ ಮಾಡೋಣ: ಸೆನ್ಸರ್ ಸುತ್ತ ವಾಹಕ ಬಟ್ಟೆ ಸುತ್ತಿ, ಅರ್ಥ್‌ಗೆ ಕೊಡೋಣ. ಎಕ್ಸಾಂನಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಬರತ್ತೆ. ಬಟ್ಟೆ ಸುತ್ತೋದು ಸರಿಯೇ. ಎಡವೋದು ಅರ್ಥ್ ಹತ್ತಿರ. ಅರ್ಥ್ ಅಂದರೇನು ಅಂತ ಅರ್ಥ ಮಾಡಿಕೊಳ್ಳದೆ ವೈರ್ ಜೋಡಿಸಿದರೆ ಹೊಸ ಅಪಾಯ ಹುಟ್ಟತ್ತೆ.

ಯಾಕೆ ಅಂದ್ರೆ, ಶೀಲ್ಡ್ ಒಂದು ಪಟ್ಟಿಯಷ್ಟಲ್ಲ, ಇಡೀ ಬೆನ್ನಿನಷ್ಟು ದೊಡ್ಡದು. ದೇಹದ 0.4 ಚದರ ಮೀಟರ್ ಅದರ ಮೇಲಿದೆ ಅಂದುಕೊಂಡರೆ ದೇಹಕ್ಕೂ ಶೀಲ್ಡ್‌ಗೂ ನಡುವೆ 3.5 ನ್ಯಾನೋಫ್ಯಾರಡ್. ಸಾವಿರ ಪಟ್ಟು! ಕಾಟರಿಯ ಫ್ರೀಕ್ವೆನ್ಸಿಯಲ್ಲಿ ಇದರ ಇಂಪಿಡೆನ್ಸ್ ಬರೀ 91 ಓಮ್. ಅಂದ್ರೆ ಕರೆಂಟಿಗೆ ನೆಲದ ಕಡೆ ಹೋಗಲು ನಾವೇ ಹೈವೇ ಹಾಕಿಕೊಟ್ಟ ಹಾಗೆ. (ದೊಡ್ಡ ಕೆಪಾಸಿಟಿವ್ ರಿಟರ್ನ್ ಪ್ಯಾಡ್‌ಗಳು ಬೇಕಂತಲೇ ಈ ತತ್ವ ಬಳಸುತ್ತವೆ, ಆದರೆ ಅವು ವಾಪಸ್ ಕೊಡೋದು ಕಾಟರಿ ಯಂತ್ರಕ್ಕೆ, ನೆಲಕ್ಕಲ್ಲ.) ಕರೆಂಟ್ ಇಡೀ ಬೆನ್ನಿಗೆ ಹರಡಿಕೊಂಡು ಹೋದರೆ ಸುಡಲ್ಲ. ಆದರೆ ಹೊದಿಕೆ ಒಂದು ಕಡೆ ತೂತಾಗಿ, ಸಲೈನ್ ಒಳಗಿಳಿದು ಶೀಲ್ಡ್ ಮುಟ್ಟಿತು ಅನ್ನಿ. 100 ಚದರ ಸೆಂಟಿಮೀಟರ್ ಪ್ಲೇಟ್‌ನಲ್ಲಿ ಹರಡಿ ಹೋಗಬೇಕಾದ ಕರೆಂಟ್ 1 ಚದರ ಸೆಂಟಿಮೀಟರ್‌ನಲ್ಲಿ ನುಗ್ಗಿದರೆ ಸಾಂದ್ರತೆ 100 ಪಟ್ಟು. ಬಿಸಿ ಅದರ ವರ್ಗದ ಲೆಕ್ಕ, ಅಂದರೆ 10,000 ಪಟ್ಟು. ಹುಣ್ಣು ತಪ್ಪಿಸಲು ಇಟ್ಟ ಹಾಸಿಗೆಯೇ ಸುಟ್ಟ ಗಾಯ ಕೊಡುತ್ತದೆ.

50 ಹರ್ಟ್ಸ್‌ನಲ್ಲೂ ನೋಡಿ. 3.5 ನ್ಯಾನೋಫ್ಯಾರಡ್‌ಗೆ 0.9 ಮೆಗಾಓಮ್. ಬೇರೆ ಯಾವುದೋ ಯಂತ್ರ ಕೆಟ್ಟು 230 ವೋಲ್ಟ್ ರೋಗಿಗೆ ತಗುಲಿದರೆ ಶೀಲ್ಡ್ ಮೂಲಕ 250 ಮೈಕ್ರೋಆಂಪಿಯರ್ ನೆಲಕ್ಕೆ ಹರಿಯತ್ತೆ. ಹೃದಯವನ್ನು ನೇರವಾಗಿ ಮುಟ್ಟುವ ಸಿಎಫ್ ವರ್ಗದ ಭಾಗಗಳಿಗೆ ಐಇಸಿ 60601-1 ಮಾನದಂಡ ಇಂಥ ಸ್ಥಿತಿಯಲ್ಲಿ ಬಿಡೋದು 50 ಮಾತ್ರ. ಹಾಸಿಗೆ ಹೃದಯ ಮುಟ್ಟಲ್ಲ, ಸರಿ. ಆದರೆ ಅದರ ಮೇಲೆ ಮಲಗಿರೋರ ಹೃದಯದಲ್ಲಿ ಕ್ಯಾತಿಟರ್ ಇರಬಹುದಲ್ಲ? ಆ ಕ್ಯಾತಿಟರ್ ಮಾಡಿದವರು ಕಷ್ಟಪಟ್ಟು ಕೊಟ್ಟ ಐಸೊಲೇಷನ್ ನಮ್ಮ ಹಾಸಿಗೆಯಿಂದ ವ್ಯರ್ಥ.

ಹಾಗಾದರೆ ಶೀಲ್ಡ್ ಎಲ್ಲಿಗೆ ಜೋಡಿಸಬೇಕು? ನಮಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗಿದ್ದು ಇದೇ ಪ್ರಶ್ನೆ. ಶೀಲ್ಡ್ ಭೂಮಿಯ ಸೊನ್ನೆಯಲ್ಲಿ ಇರಬೇಕಾಗಿಲ್ಲ. ನಮ್ಮ ಸರ್ಕ್ಯೂಟಿನ ಸೊನ್ನೆಯಲ್ಲಿ ಇದ್ದರೆ ಸಾಕು. ಸರ್ಕ್ಯೂಟಿಗೆ ಐಸೊಲೇಟೆಡ್ ಸಪ್ಲೈ ಕೊಟ್ಟು, ಡೇಟಾವನ್ನು ಆಪ್ಟೋ ಅಥವಾ ಡಿಜಿಟಲ್ ಐಸೊಲೇಟರ್ ಮೂಲಕ ಕಳಿಸಿ, ಶೀಲ್ಡನ್ನು ಆ ತೇಲುವ ಸೊನ್ನೆಗೆ ಜೋಡಿಸೋದು. ಐಸೊಲೇಷನ್ ಗೋಡೆಯ ಆಚೀಚೆ 20 ಪಿಕೋಫ್ಯಾರಡ್ ಉಳಿದಿದೆ ಅನ್ನಿ: ಕಾಟರಿಗೆ ಈಗ 91 ಓಮ್ ಬದಲು 16 ಕಿಲೋಓಮ್ ಅಡ್ಡ, 230 ವೋಲ್ಟ್ ಮೇನ್ಸ್‌ಗೆ ಬರೀ 1.4 ಮೈಕ್ರೋಆಂಪಿಯರ್ ದಾರಿ. ದೇಹದ ವೋಲ್ಟೇಜ್ ಏರಿದರೆ ಶೀಲ್ಡೂ, ಅದರೊಳಗಿನ ಸೆನ್ಸರೂ, ಸರ್ಕ್ಯೂಟೂ ಒಟ್ಟಿಗೆ ಏರುತ್ತವೆ. ನೀರು ಏರಿದರೆ ತೆಪ್ಪವೂ ಏರತ್ತೆ, ತೆಪ್ಪದಲ್ಲಿ ಕೂತವರ ಎತ್ತರವನ್ನು ತೆಪ್ಪದಿಂದಲೇ ಅಳೆದರೆ ಅಲೆ ಲೆಕ್ಕಕ್ಕೇ ಬರಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ, ತಾಮ್ರದ ಹಾಳೆ ಯಾಕಾಗಬಾರದು ಅಂತ ಕೇಳಬಹುದು. ಹಾಳೆ ಬಿಗಿಯಾಗಿದ್ದರೆ ರೋಗಿ ಜೋಲಿಯಲ್ಲಿ ಮಲಗಿದ ಹಾಗೆ ಆಗತ್ತೆ. ಫೋಮ್ ದೇಹದ ಆಕಾರಕ್ಕೆ ಬಗ್ಗೋದಿಲ್ಲ, ಹಾಸಿಗೆಯ ಕೆಲಸವೂ ಕೆಟ್ಟಿತು, ಅಳತೆಯೂ ಕೆಟ್ಟಿತು. ಮೇಲಾಗಿ ಸಿ-ಆರ್ಮ್ ಎಕ್ಸ್‌ರೇ ತೆಗೆಯುವಾಗ ಲೋಹದ ನೆರಳು ಬೀಳಬಾರದು. ಅದಕ್ಕೇ ಬೆಳ್ಳಿ ಲೇಪಿಸಿದ ನೈಲಾನ್‌ನ ಹಿಗ್ಗುವ ಹೆಣಿಗೆ ಬಟ್ಟೆ ಒಳ್ಳೆಯದು. ಅಷ್ಟು ತೆಳು ಲೇಪನ ಸಾಕಾ? 500 ಕಿಲೋಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ ಸುಮಾರು 0.09 ಮಿಲಿಮೀಟರ್, ಲೇಪನ ಅದಕ್ಕಿಂತ ಎಷ್ಟೋ ತೆಳು. ಮ್ಯಾಗ್ನೆಟಿಕ್ ಫೀಲ್ಡನ್ನು ಇದು ತಡೆಯಲ್ಲ; ಅದಕ್ಕೆ ಕೇಬಲ್ ಹೊಸೆದು ಲೂಪ್ ಚಿಕ್ಕದು ಮಾಡಬೇಕು. ಆದರೆ ಇಲ್ಲಿ ನಮ್ಮನ್ನು ಕಾಡೋದು ಎಲೆಕ್ಟ್ರಿಕ್ ಫೀಲ್ಡ್, ಅದಕ್ಕೆ ಸಾಕು. ಇನ್ನು ಬಲೆಯ ತೂತು. ತರಂಗಾಂತರದ ಹತ್ತನೇ ಒಂದಕ್ಕಿಂತ ಚಿಕ್ಕದಿದ್ದರೆ ಆಯ್ತು ಅಂತ ಕಲಿತಿರ್ತೀವಿ. 500 ಕಿಲೋಹರ್ಟ್ಸ್‌ಗೆ ತರಂಗಾಂತರ 600 ಮೀಟರ್, ಹಾಗಾದ್ರೆ 60 ಮೀಟರ್ ತೂತು ನಡೆಯತ್ತಾ? ಇಲ್ಲ. ಇಲ್ಲಿ ದೇಹ, ಶೀಲ್ಡ್, ಸೆನ್ಸರ್ ಎಲ್ಲ ಮಿಲಿಮೀಟರ್ ಅಂತರದಲ್ಲಿವೆ. ತೂತನ್ನ ಹೋಲಿಸಬೇಕಾದ್ದು ಆ ಅಂತರದ ಜೊತೆ.

ಶೀಲ್ಡ್ ಹಾಕಿದ ಮೇಲೂ ಸ್ವಲ್ಪ ನುಸುಳತ್ತೆ. ಅದನ್ನ ಮೊದಲ ಆಂಪ್ಲಿಫೈಯರ್‌ಗಿಂತ ಮುಂಚೆಯೇ ಫಿಲ್ಟರ್ ಮಾಡಬೇಕು. ಒಳಗಿನ ಡಯೋಡ್‌ಗಳು ಒಮ್ಮೆ ಅದನ್ನು ರೆಕ್ಟಿಫೈ ಮಾಡಿಬಿಟ್ಟರೆ ಅದು ಡಿಸಿ ಆಫ್‌ಸೆಟ್ ವೇಷದಲ್ಲಿ ಬರತ್ತೆ, ಆಮೇಲೆ ಯಾವ ಕೋಡ್ ಬರೆದರೂ ತೆಗೆಯಕ್ಕಾಗಲ್ಲ. ಉಳಿದದ್ದಕ್ಕೆ ಲಾಕ್-ಇನ್ ವಿಧಾನ. ಅದಕ್ಕಿಂತ ಸರಳ ಉಪಾಯವೂ ಇದೆ: ಸರ್ಜನ್ ಕಾಟರಿ ಒತ್ತೋದು ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು, ಒತ್ತಡದ ಗಾಯ ಆಗೋದು ನಿಮಿಷ, ಗಂಟೆಗಳ ಲೆಕ್ಕದಲ್ಲಿ. ಕಾಟರಿ ಓಡುವಾಗಿನ ರೀಡಿಂಗ್ ಬಿಸಾಕಿ ಹಿಂದಿನದನ್ನೇ ತೋರಿಸಿದರೆ ನಷ್ಟ ಇಲ್ಲ, ಆ ಜಾಗವನ್ನು ಸ್ಕ್ರೀನ್ ಮೇಲೆ ಬೂದು ಬಣ್ಣದಲ್ಲಿ ತೋರಿಸುವ ಪ್ರಾಮಾಣಿಕತೆ ಇದ್ದರೆ.

ಕಾಟರಿ, ಮೇನ್ಸ್ ಯಾವುದೂ ಮುಟ್ಟದೆ ನೀವೂ ಒಂದು ಪ್ರಯೋಗ ಮಾಡಬಹುದು. ಎ4 ಅಳತೆಯ ಎರಡು ಅಡುಗೆಮನೆ ಫಾಯಿಲ್, ನಡುವೆ 2 ಮಿಲಿಮೀಟರ್ ಪ್ಯಾಕಿಂಗ್ ಫೋಮ್: ಸುಮಾರು 300 ಪಿಕೋಫ್ಯಾರಡ್. ಲ್ಯಾಬಿನ ಎಲ್‌ಸಿಆರ್ ಮೀಟರ್‌ನ ಒಂದು ವೈರ್ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಪುಸ್ತಕ ಇಟ್ಟರೆ ಅಂಕಿ ಏರತ್ತೆ. ಪುಸ್ತಕ ತೆಗೆದು, ಒತ್ತದೆ ಬರೀ ಅಂಗೈಯನ್ನು ಹತ್ತಿರ ಹಿಡಿದು ಅಂಕಿ ಎಷ್ಟು ಅಲುಗಾಡತ್ತೆ ಗಮನಿಸಿ. ಆಮೇಲೆ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೂರನೇ ಫಾಯಿಲ್ ಇಟ್ಟು, ಅದನ್ನು ಕೆಳಗಿನ ಫಾಯಿಲ್‌ಗೆ ಜೋಡಿಸಿ. ಈಗ ಅಂಗೈ ತಂದರೆ ಅಲುಗಾಟ ಇರಲ್ಲ, ಆದರೆ ಕೈ ತರುವ ಮೊದಲೇ ಅಂಕಿ ಜೋರಾಗಿ ಏರಿರತ್ತೆ. ಶೀಲ್ಡೇ ಇನ್ನೊಂದು ಕೆಪಾಸಿಟರ್ ಪ್ಲೇಟ್ ಆಗಿಬಿಟ್ಟಿದೆ. ಅಳೆಯುವ ಪಟ್ಟಿಯನ್ನು ಆಪ್-ಆಂಪ್‌ನ ವರ್ಚುಯಲ್ ಗ್ರೌಂಡ್‌ನಲ್ಲಿ ಹಿಡಿದಿಟ್ಟರೆ ಶೀಲ್ಡೂ ಸೊನ್ನೆ, ಪಟ್ಟಿಯೂ ಸೊನ್ನೆ, ನಡುವೆ ಕರೆಂಟೇ ಹರಿಯಲ್ಲ. ಆ ಸರ್ಕ್ಯೂಟ್ ಕಟ್ಟೋ ಯೋಚನೆ ಇದ್ದರೆ, ಅಂಕಿ ಎಷ್ಟು ಏರಿತು ಅಂತ ಈಗಲೇ ಬರೆದಿಟ್ಟುಕೊಳ್ಳಿ. ಆಪ್-ಆಂಪ್ ಆರಿಸುವಾಗ ಮೊದಲು ಬೇಕಾಗೋದು ಆ ಸಂಖ್ಯೆ.